ಬೇಕಲದ ಗೋಡೆಯ ಮೇಲೆ ಒಂದೂವರೆ ಅಕ್ಷರ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ವಾಣಿಜ್ಯ ವಿಭಾಗದಿಂದ ಕರಾವಳಿಗೆ ಶೈಕ್ಷಣಿಕ ಪ್ರವಾಸ ಹೋಗಿದ್ದೆವು. ಅದರ ಫೋಟೊಗಳನ್ನು ನೋಟಿಸ್ ಬೋರ್ಡಿನಲ್ಲಿ ನೀವೆಲ್ಲ ನೋಡಿದ್ದೀರಿ. ಆ ಫೋಟೊಗಳಲ್ಲಿ ಇಲ್ಲದ ಒಂದು ಸಂಗತಿಯನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ನಮ್ಮ ಇತಿಹಾಸದ ಸರ್‌ಗೂ ಇಲ್ಲಿಯವರೆಗೆ ಹೇಳಿಲ್ಲ.

ನಮ್ಮೂರು ನಂಜನಗೂಡು ತಾಲ್ಲೂಕಿನ ಹದಿನಾರು. ಊರಿನ ಹೆಸರು ಹೇಳಿದರೆ, "ಹದಿನಾರು ಏನು, ಹದಿನಾರು ರೂಪಾಯಾ?" ಎಂದು ನಗುವವರೇ ಹೆಚ್ಚು. ಆದರೆ ಮೈಸೂರು ಒಡೆಯರ ಕಥೆ ಶುರುವಾಗುವುದೇ ನಮ್ಮೂರಿನಿಂದ. ಹದಿನಾಡಿನ ಪಾಳೆಯಗಾರ ತೀರಿಕೊಂಡಾಗ ಅವನ ಮಗಳು ದೇವಾಜಮ್ಮಣ್ಣಿಯನ್ನು ಬಲವಂತವಾಗಿ ಮದುವೆಯಾಗಲು ಕಾರುಗಹಳ್ಳಿಯ ಮಾರನಾಯಕ ಹೊರಟನಂತೆ. ದಾರಿಹೋಕರಾಗಿ ಬಂದಿದ್ದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಅವನನ್ನು ಸೋಲಿಸಿದರಂತೆ. ಯದುರಾಯನೇ ದೇವಾಜಮ್ಮಣ್ಣಿಯ ಕೈಹಿಡಿದು 1399ರಲ್ಲಿ ಅಧಿಕಾರಕ್ಕೆ ಬಂದ ಎಂದು ಕಥೆಯಿದೆ. ಆ ವಂಶದ ದೊಡ್ಡ ಅರಮನೆ ಈಗ ಮೈಸೂರಿನಲ್ಲಿದೆ. ನಮ್ಮೂರಿಗೆ ಹೊರಗಿನವರು ಬರುವುದು ಕೆರೆ ನೋಡಲು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ.

ಮನೆಯಲ್ಲಿ ನಾವು ಆಡುವುದು ಉರ್ದು. ಅಬ್ಬಾ ಸುತ್ತಲಿನ ತೋಟಗಳಲ್ಲಿ ಬಾಳೆಗೊನೆ ಕೊಂಡು ನಂಜನಗೂಡಿನ ಮಂಡಿಗೆ ಹಾಕುತ್ತಾರೆ. ಮಾತು ಉರ್ದುವಾದರೂ ಅವರ ಜೇಬಿನ ಪುಸ್ತಕದ ಲೆಕ್ಕವೆಲ್ಲ ಕನ್ನಡದಲ್ಲಿ. ಪ್ರವಾಸಕ್ಕೆ 900 ರೂಪಾಯಿ ಕೊಟ್ಟ ದಿನ ಅದರಲ್ಲಿ "ಮಗನ ಟೂರು 900" ಎಂದು ಬರೆದುಕೊಂಡರು. "ಖರ್ಚಿನ ಕಡೆ ಬರೆದಿದ್ದೀನಿ. ಏನು ಬಂತು ಅಂತ ವಾಪಸ್ ಬಂದ ಮೇಲೆ ನೀನೇ ಹೇಳಬೇಕು" ಅಂದರು. ದಾದಿ ಇದುವರೆಗೆ ಸಮುದ್ರ ನೋಡಿದವರಲ್ಲ. ಅದು ಹೇಗಿರುತ್ತದೆ ಎಂದು ಸರಿಯಾಗಿ ನೋಡಿಕೊಂಡು ಬಾ ಎಂದರು.

ರಾತ್ರಿ ಹೊರಟ ಬಸ್ಸು ಮಡಿಕೇರಿ, ಸುಳ್ಯ ದಾಟಿ ಬೆಳಿಗ್ಗೆ ಮಂಗಳೂರು ಸೇರಿತು. ಮೊದಲು ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋದೆವು. ಶತ್ರುಗಳ ಯುದ್ಧನೌಕೆಗಳು ಗುರುಪುರ ನದಿಯೊಳಗೆ ಬರದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಇದನ್ನು ಕರಿಕಲ್ಲಿನಲ್ಲಿ ಕಟ್ಟಿಸಿದ. ಅದೇ ವರ್ಷ ಮಾರ್ಚ್ 11ರಂದು ಇಂಗ್ಲಿಷರೊಂದಿಗೆ ಮಂಗಳೂರು ಒಪ್ಪಂದ ಆಯಿತು. ನೋಡಲು ಒಂದು ಕಾವಲು ಗೋಪುರ ಅಷ್ಟೆ. ಆದರೂ ಮೆಟ್ಟಿಲು ಹತ್ತಿ ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಇಡೀ ಕೋಟೆಯನ್ನೇ ಕಾಯುತ್ತಿದ್ದೇವೆ ಅನಿಸುತ್ತದೆ. ಕೆಳಗೆ ಮದ್ದು ಇಡುವ ಕೋಣೆ ಇದೆ.

ಅಲ್ಲಿಂದ ಬಸ್ಸು ಹೊರಟಾಗ ನನ್ನ ಪಕ್ಕದಲ್ಲಿದ್ದ ಗೆಳೆಯ ರೇಗಿಸಲು ಶುರು ಮಾಡಿದ. "ಏನಪ್ಪಾ, ನಿಮ್ಮ ಟಿಪ್ಪು ಚೆನ್ನಾಗೇ ಕಟ್ಸವ್ನೆ" ಅಂದ. ಅವನು ತಮಾಷೆಗೆ ಹೇಳಿದ್ದು, ನಾನೂ ನಕ್ಕೆ. "ಟಿಪ್ಪು ನಿಮ್ಮೋನು, ಒಡೆಯರು ನಮ್ಮೋರು" ಎಂದು ಅವನು ಪಾಲು ಮಾಡಿದಾಗ ಮಾತ್ರ ನಾನು ಬಿಡಲಿಲ್ಲ. "ಒಡೆಯರು ಶುರುವಾಗಿದ್ದೇ ನಮ್ಮೂರಲ್ಲಿ ಕಣೋ. ಎರಡೂ ನಮ್ದೇ" ಅಂದೆ. ಹಿಂದಿನ ಸೀಟಿನವರೂ ಸೇರಿಕೊಂಡರು. ಬೇಕಲ ಬರುವವರೆಗೂ ಬಸ್ಸಿನಲ್ಲಿ ನಮ್ಮದು, ನಿಮ್ಮದು ಎಂಬ ಮಾತೇ.

ಬೇಕಲ ಕೋಟೆ ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿದೆ. ಸುಮಾರು 40 ಎಕರೆ ವಿಸ್ತಾರ. ಕೋಟೆಯ ಒಂದು ಮಗ್ಗುಲಿಗೆ ಸಮುದ್ರವೇ ಬಂದು ಬಡಿಯುತ್ತದೆ. ಕೆಳದಿಯ ಶಿವಪ್ಪನಾಯಕ 1650ರ ಹೊತ್ತಿಗೆ ಇದನ್ನು ಕಟ್ಟಿಸಿದ ಎನ್ನುತ್ತಾರೆ. 1763ರಲ್ಲಿ ಹೈದರಾಲಿಯ ಕೈಗೆ ಬಂತು. ಟಿಪ್ಪುವಿನ ಕಾಲದಲ್ಲಿ ದೊಡ್ಡ ಸೈನಿಕ ನೆಲೆಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯದಾಯಿತು. ಪ್ರವೇಶದಲ್ಲಿ ಆಂಜನೇಯನ ಗುಡಿ ಇದೆ, ಕೋಟೆಯ ಹತ್ತಿರವೇ ಹಳೆಯ ಮಸೀದಿಯೂ ಇದೆ. ಒಳಗೆ ಮೆಟ್ಟಿಲಿಳಿದು ಹೋಗುವ ನೀರಿನ ಕೊಳ, ನಡುವೆ ಎತ್ತರದ ವೀಕ್ಷಣಾ ಗೋಪುರ. ಗೋಪುರ ಹತ್ತಲು ಮೆಟ್ಟಿಲಿಲ್ಲ, ಅಗಲವಾದ ಇಳಿಜಾರು ದಾರಿ. ಗೋಡೆಯ ಕಿಂಡಿಗಳನ್ನು ಸರ್ ತೋರಿಸಿದರು. ಮೇಲಿನ ಕಿಂಡಿ ದೂರದ ಶತ್ರುವಿಗೆ, ಅದರ ಕೆಳಗಿನದು ಹತ್ತಿರ ಬಂದವನಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ.

ಎಲ್ಲರೂ ಸಮುದ್ರದ ಕಡೆಗೆ ಓಡಿದಾಗ ನಾನು ಮತ್ತು ಆ ಗೆಳೆಯ ಹಿಂದೆ ಉಳಿದೆವು. "ಇದು ಶಿವಪ್ಪನಾಯಕಂದು. ಇದ್ರಲ್ಲಿ ನಿಂಗೆ ಪಾಲಿಲ್ಲ" ಅಂದ ಅವನು. "ಹೈದರ್ ಬಂದ ಮೇಲೆ ನಮ್ದೇ" ಅಂದೆ. "ನಿಮ್ದಾದ್ರೆ ಹೆಸರು ಬರಿ ನೋಡಾಣ" ಅಂದ. ಸುತ್ತ ನೋಡಿದೆ. ಗೋಡೆಯ ಮೇಲೆ ಆಗಲೇ ಬೇಕಾದಷ್ಟು ಹೆಸರುಗಳು, ಹೃದಯದ ಚಿತ್ರಗಳು, ಬಾಣಗಳು. ಜೇಬಿನಲ್ಲಿ ಮನೆಯ ಬೀಗದ ಕೈ ಇತ್ತು. ತೆಗೆದು ಕೆರೆಯತೊಡಗಿದೆ. ಮೊದಲ ಅಕ್ಷರ 'ಸ' ಆಯಿತು. ಎರಡನೆಯದು ಅರ್ಧ ಆಗಿತ್ತು.

"ಎಂತ ಬರೆಯುವುದು?"

ತಿರುಗಿ ನೋಡಿದರೆ ಪಂಚೆ ಉಟ್ಟ ಒಬ್ಬ ಅಜ್ಜ. ಕನ್ನಡ ಕೇಳಿ ಇನ್ನೂ ಗಾಬರಿಯಾಯಿತು. ಗೆಳೆಯ ಆಗಲೇ ನಾಲ್ಕು ಹೆಜ್ಜೆ ದೂರ ಹೋಗಿದ್ದ. ಬೈಯುತ್ತಾರೆ, ಇಲ್ಲವೇ ಕಾವಲುಗಾರರನ್ನು ಕರೆಯುತ್ತಾರೆ ಅಂದುಕೊಂಡೆ. ಅವರು ಎರಡೂ ಮಾಡಲಿಲ್ಲ. ಯಾವ ಊರು ಎಂದು ಕೇಳಿದರು. ಮೈಸೂರು ಕಡೆ ಎಂದೆ. "ನಾನೂ ಬರೆದಿದ್ದೇನೆ. ಬನ್ನಿ, ತೋರಿಸುತ್ತೇನೆ" ಎಂದು ಮುಂದೆ ನಡೆದರು.

ಗೋಡೆಯ ಇನ್ನೊಂದು ಬದಿಯಲ್ಲಿ ಒಂದು ಕಲ್ಲಿನ ಮುಂದೆ ನಿಂತರು. ಅಲ್ಲಿ ಹೆಸರು ಇರಲಿಲ್ಲ. ಅಂಗೈಯಷ್ಟು ಅಗಲದ ಗುಳಿ ಇತ್ತು. ಅದರೊಳಗೆ ಒಣಗಿದ ಪಾಚಿ, ಒಂದು ಸಣ್ಣ ಜರಿಗಿಡ.

"ಸಣ್ಣವನಿರುವಾಗ ಮೊಳೆಯಲ್ಲಿ ಕೆತ್ತಿದ್ದು. ಇದಕ್ಕೆ ಮುರಕಲ್ಲು ಅಂತ ಹೇಳುವುದು. ನೆಲದಿಂದ ತೆಗೆಯುವಾಗ ಮೆತ್ತಗೆ ಇರ್ತದೆ. ಗಾಳಿ, ಬಿಸಿಲು ತಾಗಿ ತಾಗಿ ಮೇಲೆ ಗಟ್ಟಿ ಆಗ್ತದೆ. ಆ ಗಟ್ಟಿಯನ್ನು ನಾವು ಕೆರೆದು ತೆಗೆದರೆ ಮಳೆಯ ನೀರು ಒಳಗೆ ಹೋಗ್ತದೆ. ಇಲ್ಲಿಯ ಮಳೆ ನಿಮ್ಮಲ್ಲಿಯ ಹಾಗೆ ಅಲ್ಲ. ನನ್ನ ಹೆಸರು ಹೋಯಿತು, ಗುಂಡಿ ಉಳಿಯಿತು" ಅಂದರು.

ನನಗೆ ಮಾತು ಹೊರಡಲಿಲ್ಲ. ಕ್ಷಮಿಸಿ ಎನ್ನಬೇಕಿತ್ತು. ಅದರ ಬದಲು, ನಿಮ್ಮ ಕನ್ನಡ ಚೆನ್ನಾಗಿದೆ ಎಂದುಬಿಟ್ಟೆ. ಅಜ್ಜ ಜೋರಾಗಿ ನಕ್ಕರು. "ಮನೆಯ ಮಾತಲ್ಲವಾ? ನಾನು ಹುಟ್ಟುವಾಗ ಇದು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಶಾಲೆಗೆ ಹೋಗುವ ಹೊತ್ತಿಗೆ ಕೇರಳ ಆಯಿತು. ನಾನು ಎಲ್ಲಿಗೂ ಹೋಗಲಿಲ್ಲ. ಕೋಟೆಯೂ ಹೋಗಲಿಲ್ಲ" ಅಂದರು. ಅಷ್ಟರಲ್ಲಿ ಸರ್ ಸೀಟಿ ಊದಿದರು. ಅಜ್ಜನ ಹೆಸರನ್ನೂ ಕೇಳದೆ ಓಡಿದೆ.

ಆಮೇಲೆ ಸಮುದ್ರ ನೋಡಿದೆ. ಸೂರ್ಯ ಮುಳುಗುತ್ತಿದ್ದ, ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನೋಟಿಸ್ ಬೋರ್ಡಿನ ಫೋಟೊದಲ್ಲಿ ನಾನು ಮುಖ ತಿರುಗಿಸಿ ನಿಂತಿರುವುದು ಸ್ಟೈಲಿಗಲ್ಲ. ಕೆಂಪು ಪುಡಿ ಅಂಟಿದ ಬೀಗದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ದಾದಿ ಕಾಯುತ್ತಿದ್ದರು. "ಸಮಂದರ್ ಕೈಸಾ ಹೈ ರೇ?" ಎಂದರು. ನಮ್ಮ ಕೆರೆಯನ್ನು ಎಷ್ಟು ಸಲ ದೊಡ್ಡದು ಮಾಡಿದರೂ ಅಷ್ಟಾಗುವುದಿಲ್ಲ, ಆಚೆ ದಡವೇ ಇಲ್ಲ ಎಂದೆ. ಸ್ವಲ್ಪ ಹೊತ್ತಿನ ನಂತರ ಗೋಡೆಯ ವಿಷಯವನ್ನೂ ಹೇಳಿದೆ. ಅಮ್ಮಿಗೆ ಹೇಳಿದ್ದರೆ ಏಟು ಬೀಳುತ್ತಿತ್ತು. ದಾದಿ ಸುಮ್ಮನೆ ಕೇಳಿಸಿಕೊಂಡು ಒಂದು ಹಳೆಯ ಮಾತು ಹೇಳಿದರು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದ ಮನೆಯ ಗೌಡಮ್ಮ ಮಗಳ ಬಾಣಂತನಕ್ಕೆ ಹೋಗುವಾಗ ತಾಮ್ರದ ಹಂಡೆಯನ್ನು ನಮ್ಮ ಮನೆಯಲ್ಲಿ ಇಟ್ಟು ಹೋದರಂತೆ. ನಾಲ್ಕು ತಿಂಗಳು ಹಂಡೆ ಇಲ್ಲೇ ಇತ್ತು. "ಒಂದು ದಿನವೂ ಅದರಲ್ಲಿ ನೀರು ಕಾಯಿಸಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ವಾಪಸ್ ಕೊಟ್ಟೆ. ಅಮಾನತ್ ಥಾ" ಅಂದರು.

ಅಮಾನತ್ ಅಂದರೆ ಬೇರೆಯವರು ನಂಬಿ ನಮ್ಮಲ್ಲಿ ಇಟ್ಟದ್ದು. ನಮ್ಮ ಲೆಕ್ಕಶಾಸ್ತ್ರವೂ ಅದನ್ನೇ ಹೇಳುತ್ತದೆ. ಜನ ಬ್ಯಾಂಕಿನಲ್ಲಿ ಇಟ್ಟ ಠೇವಣಿಯನ್ನು ಬ್ಯಾಂಕು ತನ್ನ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ಕಡೆ ಬರೆಯುವುದಿಲ್ಲ, ಹೊಣೆಯ ಕಡೆ ಬರೆಯುತ್ತದೆ. ಹಣ ಅದರ ಪೆಟ್ಟಿಗೆಯಲ್ಲೇ ಇದ್ದರೂ ವಾಪಸ್ ಕೊಡಬೇಕಾದದ್ದು. ಪರೀಕ್ಷೆಯಲ್ಲಿ ಇದನ್ನು ನಾನು ತಪ್ಪಿಲ್ಲದೆ ಬರೆಯುತ್ತೇನೆ. ಬಸ್ಸಿನಲ್ಲಿ ಮಾತ್ರ ಎರಡು ಕೋಟೆ, ಎರಡು ರಾಜಮನೆತನಗಳನ್ನು ಒಟ್ಟಿಗೆ ನನ್ನ ಆಸ್ತಿಯ ಕಡೆ ಬರೆದುಕೊಂಡಿದ್ದೆ. ಶಿವಪ್ಪನಾಯಕ, ಹೈದರ್, ಟಿಪ್ಪು, ಕಂಪನಿ, ಮದ್ರಾಸು, ಕೇರಳ ಎಂದು ಎಷ್ಟೋ ಕೈ ದಾಟಿ ನನ್ನ ಮುಂದೆ ನಿಂತಿದ್ದ ಗೋಡೆ ಅದು. ನನ್ನ ಕೈಗೆ ಬಂದ ಐದು ನಿಮಿಷದಲ್ಲಿ ನಾನು ಮಾಡಿದ್ದು ಅದರ ಚರ್ಮ ಕೆರೆದದ್ದು.

ರಜೆಯ ನಂತರ ಸರ್ ತರಗತಿಯಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಬಗ್ಗೆ ಹೇಳಿದರು. ಸಂರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ, 2010ರ ತಿದ್ದುಪಡಿಯ ಪ್ರಕಾರ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎಲ್ಲರೂ "ಓಹೋ" ಎಂದರು. ನಾನು ಮತ್ತು ಗೆಳೆಯ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸರ್, ಆ ದಿನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿದ್ದೆನಲ್ಲ, ಕಾರಣ ಇದು.

ಅಬ್ಬಾಗೆ ಇನ್ನೂ ಲೆಕ್ಕ ಕೊಟ್ಟಿಲ್ಲ. ಈ ಪತ್ರಿಕೆ ಅಚ್ಚಾದ ಮೇಲೆ ಓದಿ ಹೇಳುತ್ತೇನೆ. ಅವರು 900 ರೂಪಾಯಿಯನ್ನು ಯಾವ ಕಡೆ ಬರೆದುಕೊಳ್ಳುತ್ತಾರೋ ಗೊತ್ತಿಲ್ಲ.

ನಂಜನಗೂಡಿನ ಹತ್ತಿರ ಕಪಿಲೆಯ ಮೇಲೆ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ ಸೇತುವೆ ಇದೆ. ಹಿಂದೆ ಅದರ ಮೇಲೆ ರೈಲೂ ಓಡುತ್ತಿತ್ತು. ಬಸ್ಸು ಪಕ್ಕದ ಹೊಸ ಸೇತುವೆ ದಾಟುವಾಗ ಈಗ ನಾನು ಆ ಹಳೆಯ ಕಮಾನುಗಳನ್ನು ನೋಡುತ್ತೇನೆ. ಮೊದಲು ಮೊಬೈಲ್ ನೋಡುತ್ತಿದ್ದೆ.

ಪ್ರಥಮ ಪಿಯುಸಿಯ ಗೆಳೆಯರೇ, ಮುಂದಿನ ವರ್ಷ ನೀವೂ ಬೇಕಲಕ್ಕೆ ಹೋಗಬಹುದು. ಅಲ್ಲಿ ಗೋಡೆಯ ಮೇಲೆ ಎಲ್ಲಾದರೂ 'ಸ' ಎಂಬ ಅಕ್ಷರ, ಅದರ ಪಕ್ಕದಲ್ಲಿ ಅರ್ಧ ಅಕ್ಷರ ಕಂಡರೆ ಅದು ನನ್ನದು. ಇನ್ನೊಂದು ಬದಿಯ ಗುಳಿಯಲ್ಲಿ ಜರಿಗಿಡ ಇದ್ದರೆ ಅದು ಅಜ್ಜನದು. ನನ್ನ ಅಕ್ಷರದ ಪಕ್ಕದಲ್ಲಿ ಇನ್ನೂ ಜಾಗ ಖಾಲಿ ಇದೆ. ಅದು ಖಾಲಿಯಾಗಿಯೇ ಇರಲಿ.