ಕಡಲು ಕಡೆದ ಕಂಬಗಳು

ಮಡಿದವರ ನೆನಪಿಗಾಗಿ ಕೆರೆ ತೋಡಿಸುವುದುಂಟು, ಅರವಟ್ಟಿಗೆ ಇಡಿಸುವುದುಂಟು, ವೀರಗಲ್ಲು ನಿಲ್ಲಿಸುವುದುಂಟು. ಆದರೆ ಯುದ್ಧದಿಂದ ಬದುಕಿ ಬಂದ ಸೈನಿಕರು, ಬಾರದೆ ಉಳಿದ ತಮ್ಮ ಸಂಗಾತಿಗಳ ಹೆಸರಿನಲ್ಲಿ ತಾವೇ ಗುದ್ದಲಿ ಹಿಡಿದು, ಕಡಲಂಚಿನ ಬೆಟ್ಟವನ್ನು ಕಡಿದು ರಸ್ತೆಯೊಂದನ್ನು ನಿರ್ಮಿಸಿದ್ದು ಅಪರೂಪದ ಸಂಗತಿ. ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿ, ವಿಕ್ಟೋರಿಯ ರಾಜ್ಯದ ತೀರವನ್ನು ಹಿಡಿದು, ಟಾರ್ಕೀ ಎಂಬ ಊರಿನಿಂದ ಆಲನ್ಸ್‌ಫರ್ಡ್‌ವರೆಗೆ ಸುಮಾರು 240 ಕಿಲೋಮೀಟರು ಸಾಗುವ ‘ಗ್ರೇಟ್ ಓಷನ್ ರೋಡ್’ ಅಂಥದೊಂದು ಸ್ಮಾರಕ.

1919ರಲ್ಲಿ ಕೆಲಸ ಮೊದಲಾಯಿತು. ಮೊದಲನೆಯ ಮಹಾಯುದ್ಧದಿಂದ ಮರಳಿದ ಸುಮಾರು ಮೂರು ಸಾವಿರ ಮಂದಿ ಅದರಲ್ಲಿ ದುಡಿದರು. ದೊಡ್ಡ ಯಂತ್ರಗಳ ನೆರವಿಲ್ಲ. ಪಿಕಾಸಿ, ಸಲಿಕೆ, ಕೈಗಾಡಿ ಮತ್ತು ಸಿಡಿಮದ್ದು, ಇಷ್ಟೇ ಸಲಕರಣೆ. ಕುಲುಕಾಟಕ್ಕೆ ಸಿಡಿದೀತೆಂದು ಸಿಡಿಮದ್ದಿನ ಕೇಪುಗಳನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಪ್ರಯಾಣ ಮಾಡುತ್ತಿದ್ದರಂತೆ! ಡೇರೆಗಳ ಬೀಡಿನಲ್ಲಿ ಪಿಯಾನೋ ಇತ್ತು, ಗ್ರಾಮಫೋನ್ ಇತ್ತು. 1924ರಲ್ಲಿ ‘ಕಸಿನೋ’ ಎಂಬ ಉಗಿಹಡಗು ಬಂಡೆಗೆ ತಗಲಿ ಸಿಕ್ಕಿಬಿದ್ದು, ಭಾರವಿಳಿಸಲು ಐನೂರು ಪೀಪಾಯಿ ಬಿಯರನ್ನೂ ನೂರಿಪ್ಪತ್ತು ಪೆಟ್ಟಿಗೆ ಮದ್ಯವನ್ನೂ ನೀರಿಗೆ ಚೆಲ್ಲಿತು. ಅದು ಅಲೆಗಳೊಡನೆ ತೇಲಿ ದಡಕ್ಕೆ ಬಂದಿತು. ಅನಂತರ ಎರಡು ವಾರ ಕೆಲಸ ನಿಂತಿತೆಂದು ದಾಖಲೆಯಿದೆ. ಯುದ್ಧವನ್ನು ಕಂಡು ಬಂದವರಿಗೆ ಸಮುದ್ರರಾಜನು ಕೊಟ್ಟ ರಜೆಯೆಂದು ಅದನ್ನು ಕ್ಷಮಿಸಬಹುದು.

ಈ ಸಾಹಸಕ್ಕೆ ಬೆನ್ನೆಲುಬಾಗಿ ನಿಂತವನು ಗೀಲಾಂಗ್ ನಗರದ ಮೇಯರಾಗಿದ್ದ ಹವರ್ಡ್ ಹಿಚ್‌ಕಾಕ್. 1932ರ ನವೆಂಬರಿನಲ್ಲಿ ರಸ್ತೆಯ ಪ್ರಾರಂಭೋತ್ಸವ ನಡೆದಾಗ ಅವನು ಇರಲಿಲ್ಲ. ಮೂರು ತಿಂಗಳ ಹಿಂದೆ, ಆಗಸ್ಟಿನಲ್ಲಿ, ತೀರಿಕೊಂಡಿದ್ದನು. ಗವರ್ನರರ ಕಾರಿನ ಹಿಂದೆ ಹಿಚ್‌ಕಾಕ್‌ನ ಕಾರು ಒಡೆಯನಿಲ್ಲದೆ ಮೆರವಣಿಗೆಯಲ್ಲಿ ಸಾಗಿತು.

ಭಾರತದಲ್ಲಿರುವಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲಿ ಓಡುತ್ತವೆ. ಆದುದರಿಂದ ಪಶ್ಚಿಮಾಭಿಮುಖವಾಗಿ ಹೊರಟ ಪ್ರವಾಸಿಗನಿಗೂ ಸಮುದ್ರಕ್ಕೂ ನಡುವೆ ಎದುರು ಬರುವ ವಾಹನದ ಮರೆಯೂ ಇರುವುದಿಲ್ಲ. ಈಸ್ಟರ್ನ್ ವ್ಯೂ ಎಂಬಲ್ಲಿ ಮರದ ಸ್ಮಾರಕ ಕಮಾನನ್ನು ದಾಟಿದೊಡನೆ ಬಲಕ್ಕೆ ಕಡಿದಾದ ಗುಡ್ಡ, ಎಡಕ್ಕೆ ನೇರ ಪಾತಾಳ. ಮರವಂತೆಯಲ್ಲಿ ಹೊಳೆಗೂ ಕಡಲಿಗೂ ನಡುವೆ ಹಾಯ್ದವರಿಗೆ ನೀರಿನ ನೆರೆಯಲ್ಲಿ ಸಾಗುವ ಸುಖ ತಿಳಿದಿದೆ; ಇಲ್ಲಿ ಆ ಸುಖದೊಡನೆ ಆಗುಂಬೆಯ ತಿರುವುಗಳ ಅಳುಕೂ ಬೆರೆತಿದೆ. ಲಾರ್ನ್, ಅಪೊಲೊ ಬೇ ಎಂಬ ಪುಟ್ಟ ಊರುಗಳು ಬಂದು ಹೋಗುತ್ತವೆ. ಬಳಿಕ ರಸ್ತೆಯು ಕಡಲನ್ನು ಬಿಟ್ಟು ಆಟ್‌ವೇ ಬೆಟ್ಟಗಳ ಕಾಡಿನ ನೆರಳನ್ನು ಹೊಗುತ್ತದೆ.

ಕಾಡು ಮುಗಿದು ಮತ್ತೆ ಕಡಲು ಕಂಡಾಗ ಲೋಕವೇ ಬದಲಾಗಿರುತ್ತದೆ. ಹಳದಿ ಮಿಶ್ರಿತ ಸುಣ್ಣಕಲ್ಲಿನ ಗೋಡೆಗಳು ಅಲೆಗಳ ಮೇಲೆ ನೆಟ್ಟಗೆ ಎದ್ದು ನಿಂತಿವೆ. ಲಕ್ಷಾಂತರ ವರ್ಷಗಳ ಹಿಂದೆ ಕಡಲ ಜೀವಿಗಳ ಚಿಪ್ಪುಗಳು ತಳದಲ್ಲಿ ಪದರಪದರವಾಗಿ ಸಂಚಯಗೊಂಡು ಆದ ಕಲ್ಲು ಇದು. ಕಡಲೇ ಕೂಡಿಟ್ಟ ಕಲ್ಲನ್ನು ಕಡಲೇ ಇಂದು ಕೊರೆಯುತ್ತಿದೆ. ನೆಲದ ಮೂಗೊಂದು ನೀರಿಗೆ ಚಾಚಿಕೊಂಡಿದ್ದರೆ ಅಲೆಯು ಅದರ ಎರಡು ಪಕ್ಕಗಳಲ್ಲಿ ಗುಹೆ ತೋಡುತ್ತದೆ. ಗುಹೆಗಳೆರಡೂ ಒಳಗೆ ಕೂಡಿದರೆ ಕಮಾನು. ಕಮಾನಿನ ನೆತ್ತಿ ಕುಸಿದರೆ ಒಂಟಿ ಕಂಬ. ಕೊನೆಗೆ ಕಂಬವೂ ಇಲ್ಲ.

ಇಂಥ ಕಂಬಗಳ ಒಂದು ಗುಂಪಿಗೆ ಹಿಂದೆ ‘ಹಂದಿ ಮತ್ತು ಮರಿಗಳು’ ಎಂಬ ಹೆಸರಿತ್ತು. ಪ್ರವಾಸಿಗರನ್ನು ಕರೆಯುವುದಕ್ಕೆ ಆ ಹೆಸರು ಒಗ್ಗದೆ, ಏಸುವಿನ ಶಿಷ್ಯರ ನೆನಪಿನಲ್ಲಿ ‘ಹನ್ನೆರಡು ಅಪೊಸ್ತಲರು’ ಎಂದಾಯಿತು. ಎಣಿಸಿದರೆ ಇದ್ದವು ಒಂಬತ್ತೇ! 2005ರ ಜುಲೈ 3ರಂದು ಸುಮಾರು ಐವತ್ತು ಮೀಟರು ಎತ್ತರದ ಒಂದು ಕಂಬವು ಕ್ಷಣಾರ್ಧದಲ್ಲಿ ಕುಸಿದು ಕಲ್ಲಿನ ರಾಶಿಯಾಯಿತು. ಉಳಿದವು ಎಂಟು. ಹೆಸರು ಮಾತ್ರ ಹನ್ನೆರಡಾಗಿಯೇ ಇದೆ; ಅದನ್ನು ತಿದ್ದಲು ಯಾರಿಗೂ ಮನಸ್ಸಿಲ್ಲ. ಮುಂದೆ ‘ಲಂಡನ್ ಬ್ರಿಜ್’ ಎಂಬ ಜೋಡಿ ಕಮಾನಿನ ಕಥೆಯೂ ಇದೇ. 1990ರ ಜನವರಿ 15ರಂದು ದಡಕ್ಕೆ ತಾಗಿದ್ದ ಕಮಾನು ಬಿದ್ದಾಗ, ಆಚೆಯ ತುದಿಗೆ ನಡೆದು ಹೋಗಿದ್ದ ಇಬ್ಬರು ನಡುನೀರಿನ ಬಂಡೆಯ ಮೇಲೆ ಉಳಿದರು. ಹೆಲಿಕಾಪ್ಟರು ಬಂದು ಅವರನ್ನು ಎತ್ತಿ ತಂದಿತು.

ಇವೆರಡರ ನಡುವೆ ಇರುವ ಕಿರಿದಾದ ಕಮರಿಯ ಬಳಿ ನಿಂತವರು ಬೇಗ ಹೊರಡಲಾರರು. 1878ರ ಮಾರ್ಚ್ ಮೊದಲ ದಿನ ಇಂಗ್ಲೆಂಡಿನಿಂದ ಹೊರಟ ‘ಲಾಕ್ ಆರ್ಡ್’ ಎಂಬ ಹಾಯಿಹಡಗು ಐವತ್ನಾಲ್ಕು ಜನರೊಡನೆ ಮೂರು ತಿಂಗಳು ಕಡಲಲ್ಲಿದ್ದು, ಮೆಲ್ಬರ್ನ್ ಇನ್ನೇನು ಹತ್ತಿರವೆನ್ನುವಾಗ, ಜೂನ್ ಮೊದಲ ದಿನದ ಬೆಳಗಿನ ಮಂಜಿನಲ್ಲಿ ಬಂಡೆಗೆ ಬಡಿಯಿತು. ಟಾಮ್ ಪಿಯರ್ಸ್ ಎಂಬ ಹದಿಹರೆಯದ ನಾವಿಕನನ್ನು ಅಲೆಗಳು ಈ ಕಮರಿಯ ಮರಳಿಗೆ ತಂದೊಗೆದವು. ಅವನು ಬದುಕಿದ್ದನು, ಅಷ್ಟೇ ಸಾಕೆನ್ನಬಹುದಿತ್ತು. ಆದರೆ ನೀರಿನಿಂದ ಹೆಣ್ಣಿನ ಕೂಗು ಕೇಳಿಸಿತು. ಅವನು ಮತ್ತೆ ಧುಮುಕಿ, ಬಹಳ ಹೊತ್ತು ಹೋರಾಡಿ, ಈವಾ ಕಾರ್ಮೈಕೇಲ್ ಎಂಬ ತರುಣಿಯನ್ನು ದಡಕ್ಕೆ ತಂದನು. ಗುಹೆಯೊಂದರಲ್ಲಿ ಅವಳನ್ನು ಮಲಗಿಸಿ, ಗೋಡೆಯಂಥ ಆ ಕಡಿದನ್ನು ಹತ್ತಿ ಜನರನ್ನು ಕರೆತಂದನು. ಬದುಕಿದವರು ಅವರಿಬ್ಬರೇ. ಈವಾಳ ತಂದೆ ತಾಯಿ, ಒಡಹುಟ್ಟಿದವರು ಅದೇ ಹಡಗಿನಲ್ಲಿದ್ದರು. ಪತ್ರಿಕೆ ಓದುವ ಜನ ಅವರ ಮದುವೆಯನ್ನು ನಿರೀಕ್ಷಿಸಿದರು. ಹಾಗಾಗಲಿಲ್ಲ, ಅವಳು ಐರ್ಲೆಂಡಿಗೆ ಮರಳಿದಳು, ಅವನು ಹಡಗಿಗೆ ಮರಳಿದನು.

ಅಲ್ಲಿಯೇ ಸಮೀಪದಲ್ಲಿದ್ದ ಕಲ್ಲಿನ ಕಮಾನೊಂದು 2009ರ ಜೂನಿನಲ್ಲಿ ಕುಸಿದು ಎರಡು ಕಂಬಗಳು ಉಳಿದಾಗ, ಅವಕ್ಕೆ ಟಾಮ್ ಮತ್ತು ಈವಾ ಎಂದೇ ಹೆಸರಿಟ್ಟರು.

ಆ ಹಡಗಿನಲ್ಲಿ 1880ರ ಮೆಲ್ಬರ್ನ್ ವಸ್ತುಪ್ರದರ್ಶನಕ್ಕೆಂದು ಕಳುಹಿಸಿದ್ದ, ಆಳೆತ್ತರದ ಪಿಂಗಾಣಿಯ ನವಿಲೊಂದಿತ್ತು. ಐವತ್ತೆರಡು ಜನರನ್ನು ನುಂಗಿದ ಆ ಕಡಲು ಅದನ್ನು ಪೆಟ್ಟಿಗೆಯೊಡನೆ, ಹೆಚ್ಚೇನೂ ಮುಕ್ಕಾಗದಂತೆ, ದಡಕ್ಕೆ ತಂದು ಇಟ್ಟಿತು. ರಸ್ತೆ ಮುಗಿದ ಮೇಲೆ ಸ್ವಲ್ಪ ದೂರದಲ್ಲಿ ಸಿಗುವ ವಾರ್ನಂಬೂಲ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಅದು ನಿಂತಿದೆ, ಬಣ್ಣ ಮಾಸದೆ.