ಒಲ್ಲೆನೆಂದ ನಾಡು

ನಿರಾಕರಣೆಗೆ ಕನ್ನಡದಲ್ಲಿ ಒಂದೇ ಮಾತಿಲ್ಲ. ಅಲ್ಲ ಎಂಬುದು ಬೇರೆ, ಇಲ್ಲ ಎಂಬುದು ಬೇರೆ, ಬೇಡ ಎಂಬುದು ಬೇರೆ. ಇವೆಲ್ಲಕ್ಕಿಂತ ಗಟ್ಟಿಯಾದುದು ಒಲ್ಲೆ. ಅದರಲ್ಲಿ ಹೇಳುವವನ ಇಚ್ಛೆಯೇ ಎದ್ದು ನಿಂತಿರುತ್ತದೆ. 1958ರ ಸೆಪ್ಟೆಂಬರ್ 28ರಂದು ಪಶ್ಚಿಮ ಆಫ್ರಿಕದ ಗಿನಿ ದೇಶದ ಜನ ಮತಪೆಟ್ಟಿಗೆಗೆ ಹಾಕಿದ ಫ್ರೆಂಚ್ ಭಾಷೆಯ 'ನೊಂ' ಎಂಬ ಪದವನ್ನು ಕನ್ನಡಿಸುವುದಾದರೆ 'ಒಲ್ಲೆವು' ಎಂದೇ ಕನ್ನಡಿಸಬೇಕು.

ಆ ವರ್ಷ ಫ್ರಾನ್ಸಿನ ಅಧಿಕಾರಸೂತ್ರ ಹಿಡಿದ ದ ಗಾಲ್ ತನ್ನ ಹೊಸ ಸಂವಿಧಾನವನ್ನು ವಸಾಹತುಗಳ ಮುಂದೆಯೂ ಇಟ್ಟಿದ್ದನು. ಹೌದೆಂದರೆ ಫ್ರೆಂಚ್ ಸಮುದಾಯದೊಳಗೆ ಸೀಮಿತ ಸ್ವಾಯತ್ತತೆ. ಒಲ್ಲೆವೆಂದರೆ ಕೂಡಲೇ ಸ್ವಾತಂತ್ರ್ಯ, ಜೊತೆಗೆ ಸಕಲ ನೆರವಿಗೂ ತಿಲಾಂಜಲಿ. ಆಗಸ್ಟ್ 25ರಂದು ಆತ ರಾಜಧಾನಿ ಕೊನಾಕ್ರಿಗೆ ಬಂದಾಗ, ಒಂದು ಕಾಲಕ್ಕೆ ಅಂಚೆ ಇಲಾಖೆಯ ಗುಮಾಸ್ತನಾಗಿದ್ದು ಕಾರ್ಮಿಕ ನಾಯಕನಾಗಿ ಬೆಳೆದ ಸೆಕು ತೂರೆ ಅವನ ಎದುರಿಗೇ ನಿಂತು, ದಾಸ್ಯದ ಸಿರಿತನಕ್ಕಿಂತ ಸ್ವಾತಂತ್ರ್ಯದ ಬಡತನವೇ ಲೇಸೆಂದನು. ಮತದಾನದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಆ ಮಾತನ್ನೇ ಎತ್ತಿಹಿಡಿದರು. ಆಫ್ರಿಕದ ಫ್ರೆಂಚ್ ವಸಾಹತುಗಳಲ್ಲಿ ಹಾಗೆ ತೀರ್ಪಿತ್ತದ್ದು ಗಿನಿಯೊಂದೇ. ಫ್ರೆಂಚರನ್ನು ದೀರ್ಘಕಾಲ ಎದುರಿಸಿದ ಸಮೋರಿ ತೂರೆ ಸೆರೆಸಿಕ್ಕಿದ್ದು 1898ರ ಸೆಪ್ಟೆಂಬರ್ 29ರಂದು. ಸೆಕು ತೂರೆ ತಾನು ಅವನ ಮರಿಮಗನೆಂದು ಹೇಳಿಕೊಳ್ಳುತ್ತಿದ್ದನು. ಒಂದು ಸಂವತ್ಸರಚಕ್ರ ತಿರುಗಲು ಒಂದೇ ದಿನ ಉಳಿದಿತ್ತು!

ಅಕ್ಟೋಬರ್ 2ರಂದು ಗಿನಿ ಸ್ವತಂತ್ರವಾಯಿತು. ಫ್ರೆಂಚರು ಹೊರಟ ರೀತಿ ಮಾತ್ರ ಒಬ್ಬ ಗೃಹಸ್ಥ ಮನೆ ಬಿಡುವ ರೀತಿಯಾಗಿರಲಿಲ್ಲ. ಅಧಿಕಾರಿಗಳು, ವೈದ್ಯರು, ಅಧ್ಯಾಪಕರು ಸಾಲುಸಾಲಾಗಿ ಹಿಂತಿರುಗಿದರು, ಕಡತಗಳು ನಾಶವಾದವು, ದೂರವಾಣಿಯ ತಂತಿಗಳನ್ನೂ ವಿದ್ಯುದ್ದೀಪಗಳನ್ನೂ ಕಿತ್ತೊಯ್ದರೆಂಬ ಮಾತು ಇಂದಿಗೂ ಉಳಿದಿದೆ. ಉಳಿದ ವಸಾಹತುಗಳಿಗೆ ಇದೊಂದು ಪಾಠವಾಗಲಿ ಎಂಬುದೇ ಇದರ ಹಿಂದಿನ ಉದ್ದೇಶವೆನ್ನದೆ ಗತ್ಯಂತರವಿಲ್ಲ. ಪಾಠ ತಟ್ಟಿತೆನ್ನುವಂತಿಲ್ಲ, 1960ರ ಒಂದೇ ವರ್ಷದಲ್ಲಿ ಅವುಗಳಲ್ಲಿ ಬಹುಪಾಲು ಸ್ವತಂತ್ರವಾದವು. ವರ್ಷದ ಹಿಂದಷ್ಟೇ ಬಿಡುಗಡೆ ಕಂಡಿದ್ದ ಘಾನಾ ಗಿನಿಗೆ ಒಂದು ಕೋಟಿ ಪೌಂಡುಗಳ ಸಾಲ ಘೋಷಿಸಿತು. ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಬಾಗಿಲೂ ತೆರೆಯಿತು. ಅಲ್ಲಿ ಗಿನಿಯ ಪ್ರತಿನಿಧಿಯಾದವನು ದಿಯಾಲೊ ತೆಲ್ಲಿ ಎಂಬ ನ್ಯಾಯವಿದ.

ಕಥೆ ಇಲ್ಲಿಗೇ ನಿಂತಿದ್ದರೆ ಪಠ್ಯಪುಸ್ತಕಕ್ಕೆ ಎಷ್ಟು ಹಿತವಾಗಿರುತ್ತಿತ್ತು! ಚಕ್ರವರ್ತಿಯಂಥ ದ ಗಾಲನಿಗೆ ಒಲ್ಲೆನೆಂದ ಸೆಕು ತೂರೆ ತನಗೆ ಯಾರೂ ಹಾಗೆನ್ನುವುದನ್ನು ಸಹಿಸಲಿಲ್ಲ. ಒಂದೇ ಪಕ್ಷ, ಒಂದೇ ಕಂಠ. ಪಿತೂರಿಗಳು ಕೆಲವು ನಿಜವೂ ಇದ್ದವು: 1970ರಲ್ಲಿ ಪೋರ್ಚುಗೀಸರು ಸಮುದ್ರದಿಂದ ಕೊನಾಕ್ರಿಯ ಮೇಲೆ ದಾಳಿ ನಡೆಸಿದ್ದು ಕಟ್ಟುಕಥೆಯಲ್ಲ. ಆದರೆ ನಿಜವಾದ ಒಂದು ಪಿತೂರಿಯ ನೆರಳಿನಲ್ಲಿ ಕಲ್ಪಿತ ಪಿತೂರಿಗಳು ಹತ್ತು ಹುಟ್ಟಿದವು. ರಾಜಧಾನಿಯ ಬೊಯ್ರೊ ಶಿಬಿರ ಸೆರೆಮನೆಯಾಗಿ ಕುಖ್ಯಾತವಾಯಿತು. ಅಲ್ಲಿ ಅನ್ನ ನೀರು ಎರಡನ್ನೂ ನಿಲ್ಲಿಸಿ ಕೈದಿಯನ್ನು ಕೊಲ್ಲುವ ಶಿಕ್ಷೆಗೆ 'ಕಪ್ಪು ಪಥ್ಯ' ಎಂದು ಹೆಸರು. 'ಪಥ್ಯ' ಎಂಬ ಶಬ್ದಕ್ಕೆ ಇದಕ್ಕಿಂತ ಘೋರವಾದ ಅಪಮಾನ ಇನ್ನೊಂದಿರಲಾರದು. ಆಫ್ರಿಕ ಏಕತಾ ಸಂಘಟನೆಯ ಮೊದಲ ಮಹಾಕಾರ್ಯದರ್ಶಿಯಾಗಿಯೂ ದುಡಿದು ಮರಳಿದ್ದ ದಿಯಾಲೊ ತೆಲ್ಲಿ 1976ರಲ್ಲಿ ಬಂಧಿತನಾಗಿ, ಮರುವರ್ಷ ಅದೇ ಪಥ್ಯದಿಂದ ಮಡಿದನು.

ಸೆಕು ತೂರೆ ತೀರಿಕೊಂಡದ್ದು 1984ರ ಮಾರ್ಚ್ 26ರಂದು, ಅಮೆರಿಕದ ಕ್ಲೀವ್‌ಲೆಂಡಿನ ಆಸ್ಪತ್ರೆಯೊಂದರಲ್ಲಿ. ವಾರ ಕಳೆದ ಮೇಲೆ ಸೈನ್ಯ ಅಧಿಕಾರ ಹಿಡಿಯಿತು. ಬೊಯ್ರೊದ ಬಾಗಿಲು ತೆರೆದು, ಬದುಕುಳಿದವರು ಹೊರಗೆ ಬಂದರು.