ಅಟ್ಟದ ಮೇಲಿನ ಕಂಪ್ಯೂಟರ್

ಈಗ ಯಾರ ಮನೆಯ ಅಟ್ಟ ಹತ್ತಿದರೂ ಹಿತ್ತಾಳೆ ಕೊಳದಪ್ಪಲೆ, ಮಗುವಿನ ತೊಟ್ಟಿಲು, ಗಣಪತಿ ಕೂರಿಸುವ ಮಂಟಪ ಇವುಗಳ ಪಕ್ಕದಲ್ಲಿ ಹಳೆಯ ಬೆಡ್‌ಶೀಟ್ ಹೊದ್ದ ಕಂಪ್ಯೂಟರ್ ಒಂದು ಇದ್ದೇ ಇರುತ್ತದೆ. ಕೆಟ್ಟಿದೆಯೇ ಅಂದರೆ ಇಲ್ಲ ಅನ್ನುತ್ತಾರೆ. ಯಾರಿಗಾದರೂ ಕೊಡಬಾರದೇ ಅಂದರೆ ದನಿ ತಗ್ಗಿಸಿ, "ಕೊಡಬಹುದಿತ್ತು, ಅದರಲ್ಲಿ ಎಲ್ಲಾ ಇದೆಯಲ್ಲ" ಅನ್ನುತ್ತಾರೆ. ಎಲ್ಲಾ ಅಂದರೆ ಮಗಳ ನಾಮಕರಣದ ಫೋಟೊ, ಬ್ಯಾಂಕಿನ ಸ್ಟೇಟ್‌ಮೆಂಟು, ಪಾನ್ ಕಾರ್ಡು, ಸೈಟಿನ ಕ್ರಯಪತ್ರ. ಅಂಜಿಕೆ ಸುಳ್ಳಲ್ಲ. ಆದರೆ ಅಂಜಿಕೊಂಡೇ ಒಂದು ಒಳ್ಳೆಯ ಯಂತ್ರವನ್ನು ಧೂಳಿಗೆ ಬಿಡುವುದು ನನಗೆ ಸಂಕಟದ ವಿಷಯ. ಅದರಲ್ಲೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ವಿಂಡೋಸ್ 11 ಒಪ್ಪಿಕೊಳ್ಳದ ಗಟ್ಟಿಮುಟ್ಟಾದ ಕಂಪ್ಯೂಟರುಗಳು ಹೀಗೆ ಅಟ್ಟ ಸೇರುತ್ತಿವೆ.

ಮೊದಲಿಗೆ ಅಂಜಿಕೆಯ ಬೇರು ನೋಡೋಣ. ಡಿಲೀಟ್ ಒತ್ತಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಹಾರ್ಡ್ ಡಿಸ್ಕಿನಲ್ಲಿ ಅಳಿಯುವುದು ಫೈಲು ಎಲ್ಲಿದೆ ಎಂಬ ಲೆಕ್ಕ ಮಾತ್ರ. ಆ ಜಾಗ ಖಾಲಿ ಎಂದು ಗುರುತಾಗುತ್ತದೆ. ಅದರ ಮೇಲೆ ಬೇರೇನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡುವುದೂ ಹೆಚ್ಚುಕಡಿಮೆ ಇಷ್ಟೇ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬಿಬ್ಬರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಡಿಸ್ಕು ಕೊಂಡು ತೆಗೆದು ನೋಡಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಒರೆಸಿದ್ದವು 12 ಮಾತ್ರ. ಒಂದು ಡಿಸ್ಕಂತೂ ಎಟಿಎಂ ಯಂತ್ರದಿಂದ ಬಂದದ್ದು. 2003ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಾರಿದವರಲ್ಲಿ ಬಹಳ ಮಂದಿ ಅಳಿಸಿಯೇ ಕೊಟ್ಟಿದ್ದೇವೆ ಅಂದುಕೊಂಡಿದ್ದವರೇ ಇರಬೇಕು.

ಇನ್ನೊಂದು ಅತಿಯೂ ಇದೆ. ನ್ಯೂಜಿಲೆಂಡಿನ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ 35 ಸಲ ಬರೆದು ಅಳಿಸುವ ಪದ್ಧತಿ ಹುಟ್ಟಿತು. ಆ 35 ಬಗೆಗಳು ಆಗಿನ ಬೇರೆ ಬೇರೆ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಮಾಡಿದ್ದವು; ಯಾವ ಒಂದು ಡಿಸ್ಕಿಗೂ ಅಷ್ಟೂ ಬೇಕಿಲ್ಲವೆಂದು ಮುಂದೆ ಅವರೇ ಸ್ಪಷ್ಟಪಡಿಸಿದರು. ಆದರೂ ಕೆಲವರು ಇಂದಿಗೂ ಆ ಸಂಖ್ಯೆಗೆ ಹೆದರಿ ಸುತ್ತಿಗೆ ಹಿಡಿಯುತ್ತಾರೆ. ತಿರುಗುವ ಹಾರ್ಡ್ ಡಿಸ್ಕಿನ ಮೇಲೆ ಆದಿಯಿಂದ ಅಂತ್ಯದವರೆಗೆ ಒಂದು ಸಲ ಸೊನ್ನೆ ಬರೆದರೆ ಮನೆಯ ಮಟ್ಟಿಗೆ ಬೇಕಾದಷ್ಟಾಯಿತು. ಒಂದು ಟಿಬಿ ಡಿಸ್ಕಿಗೆ, ಸೆಕೆಂಡಿಗೆ 100 ಎಂಬಿಯಂತೆ ಬರೆದರೆ, ಮೂರು ಗಂಟೆಯ ಹತ್ತಿರ ಹಿಡಿಯುತ್ತದೆ. ಕರೆಂಟು ಹೋಗದ ಹೊತ್ತು ನೋಡಿ ಶುರುಮಾಡಿ, ಅಡುಗೆ ಊಟ ಮುಗಿಸಿ ಬನ್ನಿ. ವಿಂಡೋಸಿನ ರಿಸೆಟ್‌ನಲ್ಲೇ ಎಲ್ಲವನ್ನೂ ತೆಗೆದು ಡ್ರೈವನ್ನು ಸ್ವಚ್ಛಮಾಡುವ ಆಯ್ಕೆ ಇದೆ. ಎಸ್‌ಎಸ್‌ಡಿ ಆದರೆ ಮಾತು ಬೇರೆ. ಅದು ಸವೆತ ಹಂಚಿಕೊಳ್ಳಲು ಬರೆದದ್ದನ್ನು ತನಗೆ ಬೇಕಾದ ಕಡೆ ಇಟ್ಟುಕೊಳ್ಳುತ್ತದೆ, ಹಾಗಾಗಿ ಮೇಲೆ ಸೊನ್ನೆ ಬರೆದದ್ದು ಎಲ್ಲ ಮೂಲೆಗೂ ತಲುಪಿತೆಂಬ ಖಾತ್ರಿಯಿಲ್ಲ. ಅದಕ್ಕೆ ತಯಾರಕರದೇ ಸೆಕ್ಯೂರ್ ಇರೇಸ್ ಬಳಸಬೇಕು. ಸುತ್ತಿಗೆ ಇರಲಿ, ಪೂರ್ತಿ ಕೆಟ್ಟು ಬರೆಯಲಾಗದ ಡಿಸ್ಕಿಗೆ.

ನನ್ನ ಮನಸ್ಸು ಹೆಚ್ಚು ಹೋಗುವುದು ಮನೆಯ ಕಂಪ್ಯೂಟರಿನ ಕಡೆಗಲ್ಲ, ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಕಡೆಗೆ. "ವಾಟ್ಸ್ಯಾಪ್ ಮಾಡಿ ಅಣ್ಣ, ಪ್ರಿಂಟ್ ತೆಗೆದುಕೊಡ್ತೀನಿ" ಅನ್ನುವ ಆ ಹುಡುಗನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸುತ್ತಲಿನ ಹಳ್ಳಿಗಳ ಆಧಾರ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಸೇರಿರುತ್ತದೆ. ವಿಧವಾ ವೇತನಕ್ಕೆ ಅರ್ಜಿ ಹಾಕಿದ ಅಜ್ಜಿಯ ಪಾಸ್‌ಬುಕ್ಕಿನ ಮೊದಲ ಪುಟವೂ ಅಲ್ಲಿರುತ್ತದೆ. ಆಕೆಗೆ ಹಾರ್ಡ್ ಡಿಸ್ಕ್ ಎಂಬುದೊಂದಿದೆ ಎಂದೇ ಗೊತ್ತಿಲ್ಲ. ಅಂಗಡಿ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದು ಎಕ್ಸ್‌ಚೇಂಜಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೋ. ನಮ್ಮದನ್ನು ನಾವು ಅಳಿಸದಿದ್ದರೆ ಅದು ನಮ್ಮ ಹಣೆಬರಹ; ಆ ಅಜ್ಜಿಯದನ್ನು ಅಳಿಸದೆ ಕೊಡುವ ಹಕ್ಕು ಯಾರಿಗೂ ಇಲ್ಲ. ದೊಡ್ಡ ಜೆರಾಕ್ಸ್ ಯಂತ್ರದೊಳಗೂ ಡಿಸ್ಕ್ ಇರಬಹುದೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ನ್ಯೂಯಾರ್ಕಿನ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆಗೆ ಪಡೆದ ಜೆರಾಕ್ಸ್ ಯಂತ್ರಗಳನ್ನು ಡಿಸ್ಕ್ ಒರೆಸದೆ ಹಿಂದಿರುಗಿಸಿ, 2013ರಲ್ಲಿ 12 ಲಕ್ಷ ಡಾಲರಿಗೂ ಮಿಕ್ಕಿ ತೆತ್ತಿತು. ಹಾಗೆ ಬಯಲಾಗಿರಬಹುದಾದ ದಾಖಲೆ ಮೂರು ಲಕ್ಷಕ್ಕೂ ಹೆಚ್ಚು ಮಂದಿಯದು.

ಒರೆಸುವ ಮುಂಚೆ ಉಳಿಸಿಕೊಳ್ಳುವ ಕೆಲಸವೂ ಇದೆ. ಫೋಟೊಗಳನ್ನು ಎರಡು ಕಡೆ ನಕಲು ಮಾಡಿಡಿ. ವ್ಯಾಪಾರದವರು ಟ್ಯಾಲಿ ಲೈಸೆನ್ಸನ್ನು ಸರೆಂಡರ್ ಮಾಡಿಕೊಳ್ಳಬೇಕು. ಅಪ್ಪ ನುಡಿ ಇಲ್ಲವೇ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪತ್ರಗಳಿದ್ದರೆ, ಯೂನಿಕೋಡಿಗೆ ಪರಿವರ್ತಿಸಿಯೇ ತೆಗೆದಿಡಿ. ಇಲ್ಲವಾದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಾಗದ ಅಕ್ಷರಗಳ ರಾಶಿ ಕಾಣುತ್ತದೆ, ಅಪ್ಪನ ಮಾತು ಕಾಣುವುದಿಲ್ಲ.

ಒರೆಸಿಯಾಯಿತು. ಪಕ್ಕದ ಮನೆಯವರು ಹುಗ್ಗಿ ಕಳಿಸಿದ ಪಾತ್ರೆಯನ್ನು ನಮ್ಮಲ್ಲಿ ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ತೊಳೆದು, ಚೂರು ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಕಂಪ್ಯೂಟರನ್ನೂ ಬರಿದಾಗಿ ಕೊಡಬೇಡಿ. ಹಳೆಯ ಯಂತ್ರದಲ್ಲೂ ಓಡುವ ಹಗುರವಾದ ಲಿನಕ್ಸ್ ಒಂದನ್ನು ಹಾಕಿ. ಅದು ಉಚಿತ, ಅದಕ್ಕೆ ಅಪ್‌ಡೇಟುಗಳೂ ಬರುತ್ತಿರುತ್ತವೆ. ಲಿಬ್ರೆ ಆಫೀಸ್ ಇರಲಿ, ಕನ್ನಡ ಕೀಲಿಮಣೆ ಸೇರಿಸಿ. ಹಳ್ಳಿಯ ಸರ್ಕಾರಿ ಶಾಲೆಯ ಏಳನೇ ತರಗತಿಯ ಮಗು ತನ್ನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಲು ಇಷ್ಟು ಸಾಕು. ಕೊಡುವಾಗ ಪವರ್ ಕಾರ್ಡು, ವಿಜಿಎ ಕೇಬಲ್ಲು, ಮೌಸು ಜೊತೆಗಿರಲಿ. ಸಣ್ಣ ಊರಿನಲ್ಲಿ ಮೇಷ್ಟ್ರು ಅವಕ್ಕಾಗಿ ಬಸ್ಸು ಹತ್ತಬೇಕಾಗುತ್ತದೆ.